ಜೋಂಪಿನ ಗಂಟು

ಮಾರ್ಚ್ ೩, ಸೋಮವಾರ

ಬಾಯಿ ಮುಚ್ಚಿಕೊಂಡಿರಬೇಕಂತೆ. ಗಂಟಲ ಡಾಕ್ಟರಮ್ಮನ ಅಪ್ಪಣೆ. ಮಾತಿಲ್ಲ, ಪಿಸುಮಾತೂ ಇಲ್ಲ, ಮುಖ್ಯವಾಗಿ ಗುಂಯ್‌ಗುಡುವ ಹಾಗಿಲ್ಲ. ಎಲ್ಲಿಯವರೆಗೆ ಅಂತ ಕೈಸನ್ನೆ ಮಾಡಿದರೆ, "ಪರೀಕ್ಷೆ ಫಲಿತಾಂಶ ಬರೋವರೆಗೂ ಅಮ್ಮಾ. ಏನಾದ್ರೂ ಹೇಳ್ಬೇಕು ಅನ್ಸಿದ್ರೆ ಬರೀರಿ" ಅಂದಳು.

ಬರೆಯುವುದಂತೆ! ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನ ಮೇಲೆ ಬೆತ್ತ ಎತ್ತಿದರು, ನನಗೆ ಸಿಟ್ಟು ಬಂತು, ಇಡೀ ಕ್ಲಾಸು ಮೇಷ್ಟ್ರ ಸಮೇತ ಮಧ್ಯಾಹ್ನದವರೆಗೂ ಗೊರಕೆ ಹೊಡೆಯಿತು. ಅವತ್ತಿಗೇ ನನ್ನ ಶಾಲೆ ಮುಗಿಯಿತು. ಅಲ್ಲಿಂದೀಚೆಗೆ ನಾನು ಬರೆದದ್ದು ಅಂದರೆ ನಾನು ಕೆಲಸ ಮಾಡುವ ಹಲ್ಲು ಡಾಕ್ಟರ ಬಾಗಿಲಿಗೆ ತೂಗುಹಾಕುವ "ಒಳಗೆ ರೋಗಿ ಮಲಗಿದ್ದಾರೆ" ಅನ್ನುವ ಹಲಗೆ ಒಂದೇ.

ಆದರೂ ಬರೆಯುತ್ತೇನೆ. ಇಲ್ಲದಿದ್ದರೆ ಬೈಗುಳವೆಲ್ಲ ಹೊಟ್ಟೆಯಲ್ಲೇ ಕೊಳೆಯುತ್ತದೆ.

ನಾವು ಜೋಂಪಿನವರು. ಹುಟ್ಟುವಾಗಲೇ ಗಂಟಲ ಬುಡದಲ್ಲಿ ಬಟಾಣಿಯಷ್ಟು ಗಂಟು ಇರುತ್ತದೆ. ತುಟಿ ಮುಚ್ಚಿ ಅದರಿಂದ ಗುಂಯ್ ಅಂದರೆ ಒಂದು ಕೋಣೆಯಷ್ಟು ಜಾಗದಲ್ಲಿ ಯಾರಿದ್ದರೂ ನಿದ್ದೆ, ನಮ್ಮವರನ್ನು ಬಿಟ್ಟು. ತಣ್ಣಗಿದ್ದಾಗ ನಾವು ಬೇಕೆಂದರೆ ಮಾತ್ರ ಬರುತ್ತದೆ. ಸಿಟ್ಟಿನಲ್ಲಿ, ಅಳುವಿನಲ್ಲಿ ತಾನಾಗಿ ಬಂದು ಮಾತಿನ ಸಂದಿಗೆ ಸೇರಿಕೊಂಡುಬಿಡುತ್ತದೆ. ನನಗೆ ಸಿಟ್ಟು ಬರದ ದಿನ ಯಾವುದಿದೆ?

ಇದನ್ನೆಲ್ಲ ಯಾರಿಗೆ ಹೇಳುತ್ತಿದ್ದೇನೋ. ಪುಟ ತುಂಬಲಿ.

ಮಾರ್ಚ್ ೫, ಬುಧವಾರ

ಊರಿನ ಸಮಿತಿಯ ಆದೇಶವನ್ನು ಶಾಲೆಯ ಗೋಡೆಗೆ ಅಂಟಿಸಿದ್ದಾರಂತೆ. ಸೊಸೆ ಬಂದು ಹೇಳಿದಳು. ಏಪ್ರಿಲ್ ಮೊದಲ ವಾರ ಆಸ್ಪತ್ರೆ ವ್ಯಾನು ಶಾಲೆಯ ಅಂಗಳಕ್ಕೇ ಬಂದು ಜೋಂಪಿನ ಮಕ್ಕಳೆಲ್ಲರ ಗಂಟು ತೆಗೆಯುತ್ತದೆ. ತೆಗೆಸದಿದ್ದರೆ ಮುಂದಿನ ವರ್ಷದಿಂದ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ. ದೊಡ್ಡವರ ಸರದಿ ಆಮೇಲೆ, ಅರವತ್ತು ದಾಟಿದವರಿಗೆ ವಿನಾಯಿತಿ. ಮುದಿಗೊಡ್ಡುಗಳು ಇನ್ನೆಷ್ಟು ದಿನ ಗುಂಯ್‌ಗುಟ್ಟಾವು ಅನ್ನುವ ಲೆಕ್ಕಾಚಾರ. ಆದೇಶದ ಕೊನೆಯಲ್ಲಿ ಒಂದು ಸಾಲು ಬೇರೆ: "ಈ ಮಕ್ಕಳು ಮುಂದೆ ನಮಗೆ ಕೃತಜ್ಞರಾಗಿರುತ್ತಾರೆ."

ಎಲ್ಲಕ್ಕೂ ಕಾರಣ ಆ ಬಸ್ಸು. ನಮ್ಮ ಹುಡುಗನೊಬ್ಬ ಸೀಟಿನ ವಿಷಯಕ್ಕೆ ಕಂಡಕ್ಟರ್ ಜೊತೆ ಜಗಳಕ್ಕೆ ಬಿದ್ದ, ಅದೂ ಡ್ರೈವರ್ ಬೆನ್ನ ಹಿಂದೆಯೇ ನಿಂತು. ಬಸ್ಸು ಹತ್ತಿದರೆ ಹಿಂದಿನ ಸೀಟು, ಸಿಟ್ಟು ಬಂದರೆ ಇಳಿದುಬಿಡು. ನಮ್ಮಲ್ಲಿ ಹಾಲುಹಲ್ಲಿನ ಮಗುವಿಗೂ ಇದನ್ನು ಹೇಳಿಕೊಟ್ಟಿರುತ್ತೇವೆ. ಆ ಮಂಗ ಇಳಿಯಲಿಲ್ಲ. ಡ್ರೈವರ್ ಸ್ಟೀರಿಂಗ್ ಮೇಲೆ ತಲೆಯಿಟ್ಟ, ಬಸ್ಸು ಹೋಗಿ ದಿನಸಿ ಅಂಗಡಿಯ ಗೋಡೆಗೆ ಗುದ್ದಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕಂಡಕ್ಟರ್ ಕಾಲು ಮುರಿಯಿತು.

ಆಮೇಲೆ ನಮ್ಮ ಹಿರಿಯರು ಸಮಿತಿಯ ಮುಂದೆ ಹೋಗಿದ್ದರು. ಕ್ಷಮೆ ಕೇಳಿ, ಮಕ್ಕಳ ತಂಟೆಗೆ ಮಾತ್ರ ಬರಬೇಡಿ ಅನ್ನೋಣ ಅಂತ. ತಣ್ಣಗೇ ಶುರು ಮಾಡಿದರು. ಸಮಿತಿಯವನೊಬ್ಬ "ನಿಮ್ಮದು ರೋಗ ಕಣ್ರೀ" ಅಂದ. ಮುಗಿಯಿತು. ಮಕ್ಕಳ ವಿಷಯ ಬಂದಾಗ ಯಾರು ತಣ್ಣಗಿರುತ್ತಾರೆ? ಇಡೀ ಸಮಿತಿ ಮೇಜಿನ ಮೇಲೆ ಮಲಗಿತು. ಅಧ್ಯಕ್ಷರ ಕನ್ನಡಕ ಅವರ ಮೂಗಿನಡಿಯೇ ಚೂರಾಯಿತು. ಎದ್ದವರು ಅದನ್ನು "ಹಲ್ಲೆ" ಅಂತ ಬರೆದುಕೊಂಡರು. ಅವತ್ತಿನಿಂದ ಗಂಟಿದ್ದವರು ಆ ಸಭಾಂಗಣದೊಳಗೆ ಕಾಲಿಡುವಂತಿಲ್ಲ.

ಆದೇಶದ ಸುದ್ದಿ ಹೇಳಿ ಮುಗಿಸಿ ಸೊಸೆ ಬೇರೆ ಕಡೆ ನೋಡುತ್ತ, "ನಾನು ಬುಗುರಿ ಹೆಸರು ಕೊಟ್ಟು ಬಂದೆ ಅತ್ತೆ" ಅಂದಳು.

ಬುಗುರಿ ನನ್ನ ಮೊಮ್ಮಗಳು. ಎಂಟು ವರ್ಷ. ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಗಂಟು ಅಪ್ಪನ ಕಡೆಯಿಂದ ಬಂದದ್ದು. ಅಪ್ಪ ಅಂದರೆ ನನ್ನ ಮಗ, ಹಡಗಿನಲ್ಲಿ ನಿದ್ದೆಗೆಟ್ಟ ನಾವಿಕರನ್ನು ಮಲಗಿಸುವ ಕೆಲಸದಲ್ಲಿದ್ದಾನೆ, ಮಳೆಗಾಲಕ್ಕೆ ಮೊದಲು ಬರುವುದಿಲ್ಲ. ಸೊಸೆ ನಮ್ಮವಳಲ್ಲ.

ಎದ್ದು ನಿಂತೆ. ಬಾಯಿ ತೆರೆದೆ. ಡಾಕ್ಟರಮ್ಮನ ಮುಖ ನೆನಪಾಗಿ ಮುಚ್ಚಿದೆ. ಕೈಗೆ ಸಿಕ್ಕಿದ ಚಮಚ ಎಸೆದೆ. ಗೋಡೆಗೆ ಹೋಗಿ ಬಿತ್ತು. ಅಷ್ಟೆ. ಚಮಚ ಎಸೆದರೆ ಯಾರಿಗೂ ನಿದ್ದೆ ಬರುವುದಿಲ್ಲ.

ಮಾರ್ಚ್ ೮, ಶನಿವಾರ

ಸೊಸೆ ಗಡಿಯಾರ ರಿಪೇರಿ ಮಾಡುತ್ತಾಳೆ. ಕಿಟಕಿ ಪಕ್ಕದ ಮೇಜೇ ಅವಳ ಅಂಗಡಿ. ಇವತ್ತು ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಲೆ ಎತ್ತದೆ ಅಂದಳು:

"ನೀವು ಚಮಚ ಎಸೆದ್ರಲ್ಲ ಅತ್ತೆ, ನಂಗೆ ಒಂಥರಾ ಖುಷಿ ಆಯ್ತು."

ನಾನು ಹುಬ್ಬು ಹಾರಿಸಿದೆ.

"ಮದುವೆ ಆದಾಗಿನಿಂದ ನಿಮ್ಮ ಜೊತೆ ಒಂದು ಜಗಳಾನೂ ಪೂರ್ತಿ ಆಡಿಲ್ಲ ನಾನು. ನಾನು ಶುರು ಮಾಡ್ತೀನಿ, ನಿಮಗೆ ಸಿಟ್ಟು ಬರುತ್ತೆ, ನಾನು ಮಲಗಿಬಿಡ್ತೀನಿ. ಏಳೋ ಹೊತ್ತಿಗೆ ನೀವು ಹೇಳಿದ್ದೇ ತೀರ್ಮಾನ. ಪರದೆ ಬಣ್ಣ ನಿಮ್ಮದು. ಮಗಳ ಶಾಲೆ ನಿಮ್ಮದು. ನಾನು ತವರಿಗೆ ಹೋಗೋ ದಿನಾನೂ ನಿಮ್ಮದು. ಎಷ್ಟು ಸ್ಕ್ರೂ ಕಳ್ಕೊಂಡಿದೀನಿ ಗೊತ್ತಾ, ಕೈಯಲ್ಲಿ ಹಿಡ್ಕೊಂಡೇ ಮಲಗಿ?"

ಹಾಳೆ ಎಳೆದುಕೊಂಡು ಬರೆದು ತೋರಿಸಿದೆ: ನಾನು ಬೇಕೂಂತ ಮಾಡಿದ್ದಲ್ಲ.

"ಗೊತ್ತು. ಬೇಕೂಂತ ಮಾಡಿದ್ರೆ ಯಾವತ್ತೋ ಬಿಟ್ಟು ಹೋಗ್ತಿದ್ದೆ."

ಮತ್ತೆ ಬುಗುರಿಯ ವಿಷಯ ಎತ್ತಿದಳು. ಶಾಲೆಯಲ್ಲಿ ಅವಳನ್ನು ವರಾಂಡದ ಬೆಂಚಿನಲ್ಲಿ ಒಂಟಿಯಾಗಿ ಕೂರಿಸುತ್ತಾರಂತೆ. ಹಾಡಿನ ಗುಂಪಿಗೆ ಸೇರಿಸಿಕೊಳ್ಳುವುದಿಲ್ಲವಂತೆ. ಹಾಡುತ್ತ ಖುಷಿ ಹೆಚ್ಚಾದರೂ ಅವಳ ಗಂಟು ಸುಮ್ಮನಿರುವುದಿಲ್ಲ.

"ಅವಳು ಅತ್ತರೆ ಪಕ್ಕದಲ್ಲಿದ್ದೋರು ಮಲಗ್ತಾರೆ ಅತ್ತೆ. ಯಾಕೆ ಅಳ್ತಿದೀಯಾ ಅಂತ ಕೇಳೋಕೆ ಒಬ್ಬರೂ ಎಚ್ಚರ ಇರಲ್ಲ. ನಾನೂ ಇರಲ್ಲ. ಕಿವಿಗೆ ಮೇಣ ಇಟ್ಕೊಂಡ್ರೆ ಎಚ್ಚರ ಇರ್ತೀನಿ, ಆದ್ರೆ ಅವಳ ಮಾತು ಕೇಳಲ್ಲ. ಹೆತ್ತವಳು ನಾನು. ನಿಮ್ಮ ಜೋಂಪು ದೊಡ್ಡದು ಅಂತ ನೀವೆಲ್ಲ ಹೇಳ್ತೀರಿ. ನಂಗೆ ನನ್ನ ಮಗಳ ಅಳು ಪೂರ್ತಿ ಕೇಳ್ಬೇಕು."

  

ಮಾರ್ಚ್ ೯, ಭಾನುವಾರ

ಸೊಸೆ ಇವತ್ತೂ ಮಾತಾಡಿದಳು. ಅವಳ ಅಪ್ಪನ ವಿಷಯ, ಅವಳು ಮೊದಲು ಬಿಚ್ಚಿದ ಗಡಿಯಾರ, ಅದನ್ನು ಮತ್ತೆ ಜೋಡಿಸಲು ಬಾರದೆ ಬೀರುವಿನಡಿ ಬಚ್ಚಿಟ್ಟದ್ದು. ನಗು ತಡೆಯುವುದು ಕಷ್ಟವಾಯಿತು. ನಗುವ ಹಾಗೂ ಇಲ್ಲವಂತೆ. ಈ ಹುಡುಗಿ ಇಷ್ಟು ಮಾತುಗಾತಿ ಅಂತ ಯಾರೂ ನನಗೆ ಹೇಳಲೇ ಇಲ್ಲ.

ಮಾರ್ಚ್ ೧೪, ಶುಕ್ರವಾರ

ಗಂಟಿನೊಳಗೇ ಏನೋ ಬೆಳೆದಿದೆ. ಕೆಟ್ಟದ್ದು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ, ಅದು ನನಗೆ ಹಿಡಿಸಿತು. "ಬಿಟ್ರೆ ಹರಡುತ್ತೆ ಅಮ್ಮಾ. ತೆಗೆದ್ರೆ ಬದುಕ್ತೀರಿ. ಆದ್ರೆ ಗಂಟನ್ನೂ ಸೇರಿಸಿಯೇ ತೆಗೀಬೇಕು. ಗುಂಯ್ ಹೋಗುತ್ತೆ, ವಾಪಸ್ ಬರಲ್ಲ."

ತೆಗಿ ಅಂತ ಬರೆದೆ.

"ಇವತ್ತು ಬೇಡ. ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ."

ಸಾಯೋದಾ ಬದುಕೋದಾ ಅಂದ್ರೆ ಅದರಲ್ಲಿ ಯೋಚನೆ ಮಾಡೋದೇನಿದೆ ಅಂತ ಬರೆದೆ. ಪೆನ್ಸಿಲ್ ಮುರಿಯುವಷ್ಟು ಒತ್ತಿ.

ಅವಳು ಹಾಳೆಯನ್ನು ನನ್ನ ಕಡೆಗೇ ತಿರುಗಿಸಿಟ್ಟಳು. "ಆದ್ರೂ ಗಂಟು ನಿಮ್ಮದು. ನೀವು ಬಂದು ಹೇಳ್ಬೇಕು. ಕತ್ತಿ ಹಿಡಿಯೋ ಮುಂಚೆ ನಾನು ಇನ್ನೊಂದ್ಸಲ ಕೇಳ್ತೀನಿ. ಆಗ ಬೇಡ ಅಂದ್ರೂ ನಂಗೆ ಸಿಟ್ಟು ಬರಲ್ಲ."

ಅಷ್ಟು ಚಿಕ್ಕವಳು. ನನ್ನ ಮಗನ ವಯಸ್ಸೂ ಇಲ್ಲ. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ಬಂದೆ. ಮನೆಗೆ ಬಂದು ಕೂತ ಮೇಲೆ ಬೈಗುಳ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮಾರ್ಚ್ ೧೭, ಸೋಮವಾರ

ಆಸ್ಪತ್ರೆ. ಉದ್ದನೆಯ ವಾರ್ಡು, ನನ್ನದು ಕಿಟಕಿ ಪಕ್ಕದ ಮಂಚ. ಆಗಲಿ ಅಂದಿದ್ದೇನೆ. ನಾಳೆ ಬೆಳಿಗ್ಗೆ.

ಕೊನೆಯ ಸಲ ಒಮ್ಮೆ ಗುಂಯ್ ಅನ್ನಲು ಡಾಕ್ಟರಮ್ಮ ಒಪ್ಪಿದಳು, ಸಣ್ಣಗೆ ಅಂತ ಕರಾರು ಹಾಕಿ. ಯಾರಿಗೆ ಕೊಡಲಿ ಅಂತ ಮಧ್ಯಾಹ್ನವಿಡೀ ಯೋಚಿಸಿದೆ. ಸೊಸೆ ಸ್ಟೂಲಿನ ಮೇಲೆ ಕೂತಿದ್ದಳು. ಕಣ್ಣ ಕೆಳಗೆ ಕಪ್ಪು. ಈ ವಾರ ಅವಳು ಮಲಗಿದ್ದನ್ನು ನಾನು ನೋಡಿಲ್ಲ. ಬರೆದು ಕೇಳಿದೆ: ನಿದ್ದೆ ಬೇಕಾ?

 "ಬೇಕು ಅತ್ತೆ" ಅಂದಳು.

ಮಂಚದಲ್ಲಿ ಜಾಗ ಬಿಟ್ಟೆ. ಮಲಗಿದಳು. ಪಕ್ಕದ ಎರಡು ಮಂಚದವರೂ ಮಲಗಿದರು, ಅದು ಅವರ ಅದೃಷ್ಟ. ಸಂಜೆ ಚಹಾ ಬರುವವರೆಗೂ ಯಾರೂ ಏಳಲಿಲ್ಲ.

ಮಾರ್ಚ್ ೨೨, ಶನಿವಾರ

ಬದುಕಿದ್ದೇನೆ.

ಕತ್ತಿ ಹಿಡಿಯುವ ಮುಂಚೆ ಡಾಕ್ಟರಮ್ಮ ನಿಜವಾಗಿ ಇನ್ನೊಂದು ಸಲ ಕೇಳಿದಳು. ಹೂಂ ಅಂತ ತಲೆ ಆಡಿಸಿದೆ.

ನರ್ಸಮ್ಮ ಗಂಟೆಗೊಮ್ಮೆ ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಒತ್ತುತ್ತಾಳೆ. ಹತ್ತಿಯ ನೀರು ಇಷ್ಟು ರುಚಿ ಇರುತ್ತದೆ ಅಂತ ಗೊತ್ತಿರಲಿಲ್ಲ. ಥ್ಯಾಂಕ್ಸ್ ಅಂತ ಬರೆದು ತೋರಿಸಿದರೆ "ಅಜ್ಜಿ, ಇದು ಇವತ್ತಿನ ಒಂಬತ್ತನೇ ಥ್ಯಾಂಕ್ಸು, ಹಾಳೆ ಮುಗಿಯುತ್ತೆ" ಅಂತ ನಕ್ಕಳು. ಅಧಿಕಪ್ರಸಂಗಿ.

ಹಲ್ಲು ಡಾಕ್ಟರು ಅಂಗಡಿ ಮುಚ್ಚಿ ಬಂದಿದ್ದರು. ಅವರ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಬಂದವರನ್ನು ಮಲಗಿಸುವುದು ನನ್ನ ಕೆಲಸವಾಗಿತ್ತು. ಅವರು ಕಿವಿಗೆ ಮೇಣ ಇಟ್ಟುಕೊಂಡು ಹಲ್ಲು ಕೀಳುತ್ತಿದ್ದರು. ಇಷ್ಟು ವರ್ಷ ನಾವಿಬ್ಬರೂ ಮಾತಾಡಿದ್ದೆಲ್ಲ ಕೈಸನ್ನೆಯಲ್ಲೇ. ಇವತ್ತೂ ಅಭ್ಯಾಸಬಲದಿಂದ ಮೇಣ ಇಟ್ಟುಕೊಂಡೇ ಬಂದಿದ್ದಾರೆ! ನಾನು ನನ್ನ ಕಿವಿ ಮುಟ್ಟಿ ತೋರಿಸಿದ ಮೇಲೆ ತೆಗೆದರು.

"ನೀವಿಲ್ಲದೆ ನನ್ನ ರೂಮು ಸಂತೆ ಆಗಿದೆ ಅಮ್ಮಾ. ನಿನ್ನೆ ಒಬ್ಬ ನನ್ನ ಬೆರಳು ಕಚ್ಚಿದ. ವಾಸಿಯಾದ್ಮೇಲೆ ಬನ್ನಿ."

ಬಂದು ಏನು ಮಾಡಲಿ, ಗಂಟೇ ಇಲ್ಲ ಅಂತ ಬರೆದೆ.

"ಕೈ ಹಿಡ್ಕೊಳ್ಳಿ. ಬೈಯಿರಿ. ನಿಮ್ಮ ಕಣ್ಣು ನೋಡಿದ್ರೇ ಅರ್ಧ ಜನ ಅಲ್ಲಾಡಲ್ಲ."

ಹೋದ ಮೇಲೆ ನೋಡಿದರೆ ಮೇಣದ ಎರಡು ಉಂಡೆ ನನ್ನ ದಿಂಬಿನ ಪಕ್ಕದಲ್ಲೇ ಬಿಟ್ಟು ಹೋಗಿದ್ದರು. ಎಸೆಯಲು ಮನಸ್ಸಾಗಲಿಲ್ಲ.

ಮಾರ್ಚ್ ೨೭, ಗುರುವಾರ

ಮನೆ. ಒಂದೊಂದೇ ಮಾತಾಡಬಹುದು. ಧ್ವನಿ ಎಣ್ಣೆ ಕಾಣದ ಬಾಗಿಲಿನ ಹಾಗಿದೆ.

ಮೊದಲು ಸಿಟ್ಟು ಬಂದರೆ ಗಂಟಲ ಬುಡ ಬೆಚ್ಚಗಾಗುತ್ತಿತ್ತು. ಈಗ ಸಿಟ್ಟು ಬರುತ್ತದೆ, ಕೂರಲು ಜಾಗ ಹುಡುಕುತ್ತದೆ, ಸಿಗದೆ ಹೊರಟುಹೋಗುತ್ತದೆ. ತಟ್ಟೆಯಿಂದ ಒಂದು ರುಚಿಯನ್ನೇ ಎತ್ತಿಕೊಂಡು ಹೋದ ಹಾಗೆ. ಬೆಳಿಗ್ಗೆ ಬಚ್ಚಲಲ್ಲಿ ಸುಮ್ಮನೆ ತುಟಿ ಮುಚ್ಚಿ ಗುಂಯ್ ಅಂದು ನೋಡಿದೆ. ಬರೀ ಗಾಳಿ. ಬಕೆಟ್ಟಿನ ಮೇಲೆ ಕೂತು ಅತ್ತುಬಿಟ್ಟೆ. ಯಾರಿಗೂ ನಿದ್ದೆ ಬರಲಿಲ್ಲ. ಸೊಸೆ ಬಾಗಿಲು ತಟ್ಟಿ "ಅತ್ತೆ, ಅಳ್ತಿದೀರಾ?" ಅಂತ ಕೇಳಿದಳು. ನನ್ನ ಅಳುವಿಗೆ ಬಾಗಿಲು ತಟ್ಟಿದ ಮೊದಲ ಜೀವ. ಹೋಗೇ ಅಂದೆ. ಹೋಗಲಿಲ್ಲ.

ಸಂಜೆ ಬುಗುರಿ ಮೆಟ್ಟಿಲಲ್ಲಿ ಬಿದ್ದು ಮಂಡಿ ತರಚಿಕೊಂಡು ಅಳತೊಡಗಿದಳು. ಎತ್ತಿಕೊಳ್ಳಲು ಬಗ್ಗಿದ್ದು ನೆನಪಿದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ತಲೆಯಡಿ ದಿಂಬು, ಮೈಮೇಲೆ ಹೊದಿಕೆ, ಬುಗುರಿ ಪಕ್ಕದಲ್ಲಿ ಕೂತು ತನ್ನ ಮಂಡಿಗೆ ತಾನೇ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. "ನೀನೂ ಮಲಗಿಬಿಟ್ಟೆ ಅಜ್ಜಿ" ಅಂದಳು.

ಎಂಥ ನಿದ್ದೆ ಅದು! ತಿಳಿನೀರಿನಲ್ಲಿ ಕಲ್ಲು ಇಳಿದ ಹಾಗೆ. ಎದ್ದಾಗ ಹತ್ತು ವರ್ಷ ಚಿಕ್ಕವಳಾದಂತಿತ್ತು. ಜೀವಮಾನವಿಡೀ ಇದನ್ನು ಕಂಡಕಂಡವರಿಗೆ ಹಂಚಿದೆನಲ್ಲ, ರುಚಿ ಏನಂತಲೇ ತಿಳಿಯದೆ. ಇದನ್ನು ಎಂಟು ವರ್ಷದ ಮಗುವಿನ ಗಂಟಲಿನಿಂದ ಕೆರೆದು ತಟ್ಟೆಗೆ ಹಾಕುತ್ತಾರಂತೆ.

ಕೊಡುವುದಿಲ್ಲ.

ಮಾರ್ಚ್ ೩೦, ಭಾನುವಾರ

ನಮ್ಮವರು ಬಂದಿದ್ದರು. ತೊಟ್ಟಿಲಜ್ಜ ಮುಂದೆ, ಉಳಿದವರು ಹಿಂದೆ. ಕೂಸುಗಳನ್ನು ಮಲಗಿಸುತ್ತಲೇ ಮುದುಕನಾದವನು, ಊರಿನಲ್ಲಿ ಅರ್ಧ ಜನ ಅವನ ತೊಡೆಯ ಮೇಲೆ ಮಲಗಿಯೇ ಬೆಳೆದವರು.

"ನಿನಗೀಗ ಗಂಟಿಲ್ಲ. ಸಮಿತಿಯವರು ನಿನ್ನನ್ನ ಒಳಗೆ ಬಿಡಲೇಬೇಕು. ಬುಧವಾರ ಸಭೆ. ಹೋಗಿ ನಮ್ಮ ಪರವಾಗಿ ಮಾತಾಡು."

"ಗಂಟು ಹೋದವಳು ಜೋಂಪಿನವಳೇ ಅಲ್ಲ ಅಂತ ಮೊನ್ನೆ ನಿನ್ನ ತಮ್ಮ ಅಂದನಂತೆ?"

"ಅವನೊಬ್ಬ ಕತ್ತೆ. ನಿನ್ನಂಥ ಸಿಡುಕಿಯನ್ನ ಕಳಿಸೋಕೆ ನಮಗೇನು ಆಸೆನಾ? ಬೇರೆ ಗತಿ ಇಲ್ಲ ಅಂತ ಬಂದ್ವಿ."

ಹಾಗೆ ನೇರವಾಗಿ ಅಂದದ್ದಕ್ಕೇ ಒಪ್ಪಿಕೊಂಡೆ.

ಅವರು ಹೋದ ಮೇಲೆ ಸೊಸೆಯ ಮುಖ ನೋಡಲು ಹೆದರಿಕೆಯಾಯಿತು. ನನಗೆ, ಹೆದರಿಕೆ! ಅವಳು ಮೇಜಿನಿಂದ ಎದ್ದು ಬಂದಳು. "ನೀವು ಹೇಳೋದನ್ನ ನಾನು ಒಪ್ಪಲ್ಲ ಅತ್ತೆ. ಆದ್ರೆ ಗಂಟಲು ಇನ್ನೂ ಹಸಿ. ನೀರು ಹಿಡ್ಕೊಂಡು ನಾನೂ ಬರ್ತೀನಿ."

ಏಪ್ರಿಲ್ ೨, ಬುಧವಾರ

 ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬಾಗಿಲಲ್ಲಿ ಒಬ್ಬ ಟಾರ್ಚು ಹಿಡಿದು ನನ್ನ ಗಂಟಲು ಇಣುಕಿದ. ಆ ಅನ್ನಿ ಅಂದ. ಆ ಅಂದೆ. ಒಳಗೆ ಉದ್ದ ಮೇಜು, ಹಿಂದೆ ಸಮಿತಿಯ ಮಂದಿ, ಪ್ರತಿಯೊಬ್ಬರ ಮುಂದೂ ಒಂದೊಂದು ಜೊತೆ ಮೇಣದುಂಡೆ. ಅಧ್ಯಕ್ಷರ ಕನ್ನಡಕ ಹೊಸದು, ಈ ಸಲ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಾರೆ.

ತಣ್ಣಗೆ ಶುರು ಮಾಡಿದೆ. ಬಸ್ಸಿನ ವಿಷಯಕ್ಕೆ ಕ್ಷಮೆ ಕೇಳಿದೆ. ಕಂಡಕ್ಟರ್ ಕಾಲು ಹೇಗಿದೆ ಅಂತ ಕೇಳಿದೆ. ಅಷ್ಟರಲ್ಲಿ ಆ ಮೂಲೆಯವನು, ಅದೇ "ರೋಗ" ಅಂದವನು, "ನಿಮಗೆ ಈಗ ವಾಸಿಯಾಯ್ತಲ್ಲ, ಮಕ್ಕಳಿಗೂ ಆಗಲಿ ಬಿಡಿ" ಅಂದ.

ತಲೆ ಕೆಟ್ಟಿತು. ಕೂಗಿದೆ. ಏನೇನು ಕೂಗಿದೆನೋ ಎಲ್ಲ ನೆನಪಿಲ್ಲ. ನಿನ್ನ ಮಕ್ಕಳು ಹಲ್ಲು ಕೀಳಿಸಿಕೊಂಡಾಗ ಯಾರ ಪಕ್ಕದಲ್ಲಿ ಮಲಗಿದ್ದರು ಅಂದೆ, ಜ್ವರ ಬಂದ ನಿನ್ನ ತಾಯಿ ಯಾರ ಗುಂಯ್‌ನಲ್ಲಿ ಕಣ್ಣು ಮುಚ್ಚಿದಳು ಅಂದೆ. ಎಲ್ಲರ ಕೈಯೂ ಮೇಣದ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಯಾರಿಗೂ ನಿದ್ದೆ ಬರಲಿಲ್ಲ. ಒಬ್ಬನೂ ಆಕಳಿಸಲಿಲ್ಲ. ನನ್ನ ಸಿಟ್ಟನ್ನು ಹೊರಗಿನವರು ಎಚ್ಚರವಾಗಿ ಕೂತು ಕೇಳುತ್ತಿದ್ದಾರೆ! ಅದನ್ನು ಕಂಡು ನನಗೇ ಮಾತು ತಡವರಿಸಿತು.

ಅಧ್ಯಕ್ಷರು ಕೇಳಿದರು: "ಇಷ್ಟು ದಿನ ಇದನ್ನೆಲ್ಲ ಬಂದು ಯಾಕೆ ಹೇಳಲಿಲ್ಲ?"

"ಬಂದಿದ್ವಿ ಸ್ವಾಮಿ. ನೀವು ಮಲಗಿದ್ರಿ."

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರೂ ನಗು ನುಂಗಿದರು. ಆಮೇಲೆ, ಮೆತ್ತಗೆ, ಇಲಿಗೆ ಬೋನು ಇಟ್ಟ ಹಾಗೆ ಕೇಳಿದರು. "ನಿಜ ಹೇಳಿ ಅಮ್ಮಾ. ನಿಮ್ಮ ಗಂಟು ತೆಗೆದದ್ದು ಒಳ್ಳೇದಾಯ್ತೋ ಇಲ್ಲವೋ?"

ಸುಳ್ಳು ಹೇಳಬಹುದಿತ್ತು. ಡಾಕ್ಟರಮ್ಮ, ನರ್ಸಮ್ಮನ ಹತ್ತಿ, ಬಚ್ಚಲ ಬಾಗಿಲು ತಟ್ಟಿದ ಸದ್ದು ಎಲ್ಲ ಕಣ್ಣಮುಂದೆ ಬಂದವು. "ಆಯ್ತು" ಅಂದೆ. "ಬದುಕಿದೆ. ಸೊಸೆ ಮಾತು ಪೂರ್ತಿ ಕೇಳಿದೆ. ತೆಗೆದವಳ ಕೈ ತಂಪಾಗಿರಲಿ."

"ಮತ್ತೆ?"

ಆಗ ಧ್ವನಿ ಕೈಕೊಟ್ಟಿತು. ಬಾಯಿ ಆಡುತ್ತದೆ, ಸದ್ದಿಲ್ಲ. ಸೊಸೆ ನೀರು ಕುಡಿಸಿದಳು. ಇಲ್ಲ. ಕಾಗದ ಅಂತ ಸನ್ನೆ ಮಾಡಿ, ಮೇಜಿನ ಮೇಲೆಯೇ ಬಗ್ಗಿ ಬರೆದೆ, ಸೊಸೆಯ ಕೈಗೆ ಕೊಟ್ಟೆ. ಅವಳು ಎದ್ದು ನಿಂತಳು.

"ಇವರು ಬರೆದಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ನನ್ನ ಮಗಳ ಹೆಸರು ನಾನೇ ಕೊಟ್ಟಿದೀನಿ. ಆದ್ರೂ ಓದ್ತೀನಿ" ಅಂದು ಗಂಟಲು ಸರಿಮಾಡಿಕೊಂಡಳು. "ನನ್ನನ್ನು ಕೇಳಿದರು. ಒಂದು ಸಲ ಕೇಳಿ ಮನೆಗೆ ಕಳಿಸಿದರು, ಕ..."

ಅಲ್ಲಿ ನಿಂತಳು. ನನ್ನ ಅಕ್ಷರ ಅರ್ಥವಾಗಲಿಲ್ಲ ಅಂದುಕೊಂಡೆ. ಅದಲ್ಲ. ಕಣ್ಣೊರೆಸಿಕೊಂಡು ಮತ್ತೆ ಓದಿದಳು.

"ಕತ್ತಿ ಹಿಡಿಯುವ ಮುಂಚೆ ಇನ್ನೊಂದು ಸಲ ಕೇಳಿದರು. ಬೇಡ ಅಂದಿದ್ದರೆ ಬಿಡುತ್ತಿದ್ದರು. ಹಾಗಾಗಿ ನಾನು ಕೊಟ್ಟೆ. ಕೊಟ್ಟದ್ದಕ್ಕೆ ನನಗೂ ಸಂತೋಷ, ತೆಗೆದುಕೊಂಡವರಿಗೂ ನನ್ನ ನಮಸ್ಕಾರ. ನೀವು ಅಂಗಳಕ್ಕೆ ವ್ಯಾನು ತಂದು ಮಕ್ಕಳ ಗಂಟಲಿಗೆ ಕೈ ಹಾಕಿ, ಮುಂದೆ ಅವರು ಕೃತಜ್ಞರಾಗಿರುತ್ತಾರೆ ಅಂತ ನೀವೇ ಗೋಡೆಗೆ ಅಂಟಿಸುತ್ತೀರಿ. ಕಿತ್ತುಕೊಂಡವನಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಕಿತ್ತದ್ದು ಕೆಟ್ಟದ್ದೇ ಇದ್ದರೂ ಹೇಳುವುದಿಲ್ಲ."

ಓದಿ ಕೂತಳು. ಹಾಳೆಯನ್ನು ಮಡಚಿ ತನ್ನ ಚೀಲದಲ್ಲೇ ಇಟ್ಟುಕೊಂಡಳು.

ನಮ್ಮನ್ನು ಹೊರಗೆ ಕೂರಿಸಿದರು. ಮತ್ತೆ ಕರೆದಾಗ ಅಧ್ಯಕ್ಷರು ಓದಿ ಹೇಳಿದರು. ವ್ಯಾನು ಬರುವುದಿಲ್ಲ. ಶಾಲೆ ಎಲ್ಲ ಮಕ್ಕಳಿಗೂ ತೆರೆದಿರುತ್ತದೆ. ಹದಿನೆಂಟು ತುಂಬಿದ ಮೇಲೆ ಬೇಕಾದವರು ತಾವೇ ಬಂದು ಕೇಳಬಹುದು. ಬಸ್ಸಿನಲ್ಲಿ ಜೋಂಪಿನವರಿಗೆ ಹಿಂದಿನ ಸೀಟು ಕಡ್ಡಾಯ. ಅದು ನಮ್ಮಲ್ಲಿ ಮೊದಲಿಂದಲೂ ಇದೆ ಅಂತ ಕೂಗಬೇಕೆನಿಸಿತು. ಧ್ವನಿ ಇಲ್ಲದ್ದು ಒಳ್ಳೆಯದೇ ಆಯಿತು.

ಹೊರಗೆ ತೊಟ್ಟಿಲಜ್ಜ ಬೀದಿಯಲ್ಲಿ ನಿಂತೇ ಅತ್ತ. ಚಹಾದಂಗಡಿಯ ಮುಂದಿದ್ದವರೆಲ್ಲ ಹಾಗೇ ಬೆಂಚಿನ ಮೇಲೆ ಒರಗಿದರು. ನಾನೂ. ಸೊಸೆ ನನ್ನ ಹೆಗಲ ಮೇಲೆ, ನಾನು ಅವಳ ತಲೆಯ ಮೇಲೆ. ಎದ್ದಾಗ ಬಿಸಿಲು ಇಳಿದಿತ್ತು.

ಏಪ್ರಿಲ್ ೩, ಗುರುವಾರ

ಬುಗುರಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಶಾಲೆಯಿಂದ ಬಂದವಳೇ ಚೀಲ ಎಸೆದಳು. "ವ್ಯಾನ್ ಬರಲ್ವಂತೆ. ನೀನೇ ಬರದ ಹಾಗೆ ಮಾಡಿದ್ದಂತೆ. ಎಲ್ಲರೂ ಹೇಳ್ತಿದಾರೆ."

"ಹೌದು ಕಣೇ. ನಿನಗೋಸ್ಕರಾನೇ." ಧ್ವನಿ ಅರ್ಧ ಬಂತು.

"ನನ್ನನ್ನ ಕೇಳಿದ್ಯಾ?"

ಏನು ಅಂದೆ.

"ಅಮ್ಮ ಹೆಸರು ಕೊಟ್ಟಾಗ್ಲೂ ಕೇಳಲಿಲ್ಲ. ನೀನು ಬೇಡ ಅಂದಾಗ್ಲೂ ಕೇಳಲಿಲ್ಲ. ನಿನ್ನನ್ನ ಮಾತ್ರ ಡಾಕ್ಟರು ಎರಡು ಸಲ ಕೇಳಿದ್ರಂತೆ!"

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಆಚೆಯಿಂದ ಅಳು ಬಂತು, ಈಚೆ ನಾವಿಬ್ಬರೂ ಗೋಡೆಗೆ ಒರಗಿ ಮಲಗಿದೆವು. ಎದ್ದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.  

ಏಪ್ರಿಲ್ ೫, ಶನಿವಾರ

ಬೆಳಿಗ್ಗೆ ನಾನೇ ಬುಗುರಿಯ ಬಾಗಿಲು ತಟ್ಟಿದೆ. "ಈಗ ಕೇಳ್ತಿದೀನಿ. ತಡ ಆಯ್ತು. ಹೇಳ್ತೀಯಾ?"

"ಹೇಳ್ತಾ ಹೇಳ್ತಾ ಅಳು ಬರುತ್ತೆ. ನೀವು ಮಲಗ್ತೀರಿ."

"ಮಲಗಲ್ಲ."

"ಎಲ್ಲರೂ ಹಾಗೇ ಅಂತಾರೆ."

ಸೊಸೆ ಒಂದು ಬೋಗುಣಿಯಲ್ಲಿ ಮಂಜುಗಡ್ಡೆ ತಂದಳು. ಮೂವರೂ ನೆಲದ ಮೇಲೆ ಕೂತೆವು. ನಿದ್ದೆ ಹತ್ತದಿರಲಿ ಅಂತ ನಾನೂ ಸೊಸೆಯೂ ಪಾದ ಮಂಜಿನಲ್ಲಿಟ್ಟುಕೊಂಡೆವು. ಬುಗುರಿ ಶುರು ಮಾಡಿದಳು. ಬೆಂಚು, ಹಾಡಿನ ಗುಂಪು, ಅವಳ ಪಕ್ಕ ಕೂರುತ್ತೇನೆ ಅಂತ ಹೇಳಿ ಮಲಗಿಬಿಟ್ಟ ಗೆಳತಿ. ಅಳು ಬಂತು. ನನ್ನ ರೆಪ್ಪೆಯ ಮೇಲೆ ಯಾರೋ ಮೂಟೆ ಇಟ್ಟ ಹಾಗಾಯಿತು. ಸೊಸೆ ನನ್ನ ತೋಳು ಚಿವುಟಿದಳು, ನಾನು ಅವಳ ತೊಡೆ ಚಿವುಟಿದೆ. ತುಟಿ ಕಚ್ಚಿಕೊಂಡು ರಕ್ತ ಬಂತು. ಒಂದೆರಡು ಮಾತು ಜಾರಿಹೋದವು. ಜಾರಿದಾಗ "ಅದು ಏನಂದೆ, ಇನ್ನೊಂದ್ಸಲ ಹೇಳು" ಅಂದೆ. ಹೇಳಿದಳು. ಈ ನಿದ್ದೆಯನ್ನು ತಡೆಯುವುದು ಎಷ್ಟು ಕಷ್ಟ ಅಂತ ನನಗೇನು ಗೊತ್ತಿತ್ತು! ಸೊಸೆ ಇಷ್ಟು ವರ್ಷ ಇದರ ಜೊತೆ ಗುದ್ದಾಡಿಕೊಂಡೇ ನನ್ನ ಮನೆಯಲ್ಲಿ ಬಾಳಿದ್ದಾಳೆ. ಅವಳ ಕಡೆ ನೋಡಿದೆ. ಕಣ್ಣಲ್ಲಿ ನೀರು, ಆದರೆ ಕಣ್ಣು ತೆರೆದಿತ್ತು.

"ಹಾಗಾದ್ರೆ ನಿನಗೆ ಏನು ಬೇಕು?" ಅಂದೆ.

ಬುಗುರಿ ಮೂಗು ಒರೆಸಿಕೊಂಡಳು. "ಗೊತ್ತಿಲ್ಲ. ಒಂದಿನ ತೆಗೆಸ್ಬೇಕು ಅನ್ಸುತ್ತೆ. ಇನ್ನೊಂದಿನ ಬೇಡ ಅನ್ಸುತ್ತೆ. ನಾನು ಮಂಡಿ ತರಚಿಕೊಂಡ ದಿನ ನೀನು ಮಲಗಿ ಎದ್ದಾಗ ಮುಖ ಚೆನ್ನಾಗಿತ್ತು. ಅವತ್ತು ಬೇಡ ಅನ್ಸಿತ್ತು."

"ಸರಿ. ಗೊತ್ತಾಗೋವರೆಗೂ ಇರಲಿ."

"ಅದನ್ನ ನಾನು ಹೇಳ್ಬೇಕು ಅಜ್ಜಿ!"

ಅಬ್ಬಾ, ಇವಳ ಬಾಯಿ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಪಾದ ಮರಗಟ್ಟಿ ಕಡ್ಡಿಯಾಗಿದ್ದವು.

"ತಪ್ಪಾಯ್ತು ತಾಯಿ" ಅಂದೆ. "ಹೇಳು, ಕೇಳ್ತಿದೀನಿ."

ಅವಳು ನಮ್ಮಿಬ್ಬರ ಕಣ್ಣೂ ತೆರೆದಿವೆಯೇ ಅಂತ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಹೇಳಿದಳು.

"ಸದ್ಯಕ್ಕೆ ಇರಲಿ."